ಅಂಗೈಯ ಭಂಡಾರ

“ಏಳೋ ಸೂಳಿಮಗನ. ನಶೇಬಾಜ ಹಾಟ್ಯಾ. ಟ್ರ್ಯಾಲಿ ತುಂಬು ಅಂದ್ರ ಹೆಣ ಬಿದ್ದಂಗ ಬಿದ್ದೀಯಲ್ಲ.”

ಚನ್ನವೀರಪ್ಪ ಮಾಲಕರು ಕಬ್ಬಿನ ಸೂಡೊಂದನ್ನು ಬೂಟುಗಾಲಿನಿಂದ ಅಮೋಗಸಿದ್ಧನ ಕಡೆ ಒದ್ದರು. ಅದು ಮೊಣಕಾಲಿಗೆ ಬಡಿದರೂ ಅವನು ಕಾಲು ಎಳೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕಬ್ಬು ಸವರುತ್ತಿದ್ದ ಹೆಂಡತಿ ನಂದಾಳಿಗೆ ಬೈಗುಳ ಹೊಸದಲ್ಲ. ಆದರೆ ಆ ಕದಲದ ಕಾಲು ಕಂಡು ಹೆದರಿದಳು.

“ಜಡ್ಡಿನ ಮನಶ್ಯಾ ಅದಾನ್ರಿ ಮಾಲಕರ.”

“ಜಡ್ಡಲ್ಲ, ಗುಳಿಗಿ ತಿಂದ ಸೊಕ್ಕು.”

ಗುಳಿಗೆ ತಿನ್ನಿಸಿದವರು ಯಾರೆಂಬುದು ಕರಜಗಿ ಕಡೆಯ ಆ ಹೊಲದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೋದ ಸುಗ್ಗಿಯಲ್ಲಿ ದಿನಾ ಚಹದ ಜೊತೆ ಕೆಂಪು ಗುಳಿಗೆಯನ್ನು ಆಳುಗಳ ಕೈಗೆ ಹಾಕಿದ್ದು ಇದೇ ಮಾಲಕರು. ನುಂಗಿದರೆ ಸೊಂಟ ನೋಯುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಗಂಡಾಳು ಎತ್ತಿನಂತೆ ದುಡಿಯುತ್ತಿದ್ದ. ಸುಗ್ಗಿ ಮುಗಿದರೂ ಗುಳಿಗೆ ಬಿಡಲಿಲ್ಲ. ಅಮೋಗಸಿದ್ಧ ಅಕ್ಕಲಕೋಟೆಗೆ ಹೋಗಿ ಕೊಂಡು ತಿಂದ, ಕುರಿ ಮಾರಿ ತಿಂದ, ಕಡೆಗೆ ಮಾಲಕರ ಬಾವಿಯ ಮೋಟರು ಬಿಚ್ಚಲು ಹೋಗಿ ಸಿಕ್ಕುಬಿದ್ದ.

ಪೊಲೀಸರಿಗೆ ಕೊಟ್ಟರೆ ಮೊದಲ ಗುಳಿಗೆಯ ಮಾತು ಏಳುತ್ತದೆ. ಮಾಲಕರು ಜಾಣರು. ಮೈಲಾರಲಿಂಗನ ಗುಡಿಯ ಮುಂದೆ ಊರು ಕೂಡಿಸಿ ಅವನ ಕೈಗೆ ಭಂಡಾರ ಕೊಡಿಸಿದರು. “ಇನ್ನ ಗುಳಿಗಿ ಅನ್ನೂದು ಬಾಯಾಗ ಇಡೂದಿಲ್ಲ ಅನ್ನು.” ಅವನು ಅಂದ. ಭಂಡಾರವೆಂದರೆ ದೇವರ ಅರಿಶಿನ. ಅದನ್ನು ಹಿಡಿದು ಸುಳ್ಳಾಡಿದರೆ, ಮಾತಿಗೆ ತಪ್ಪಿದರೆ ಮನೆತನ ಉಳಿಯುವುದಿಲ್ಲವೆಂದು ಅವನ ಮಂದಿ ನಂಬಿದ್ದರು. ನೆಲಕ್ಕೆ ಚೆಲ್ಲಿದವನನ್ನಂತೂ ಯಾರೂ ಬಾಗಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಗುಳಿಗೆ ಬಿಟ್ಟಿತು. ಆದರೆ ಮೈಯ ಒದ್ದಾಟ ನಿಂತ ಮೇಲೂ ಅವನು ಉಣ್ಣಲಿಲ್ಲ, ಮಲಗಲಿಲ್ಲ; ಮಗಳು ಸುವರ್ಣಾ ಕರೆದರೆ ಗೋಡೆಯ ಕಡೆ ಹೊರಳಿದ. ಒಂದು ಸಂಜೆ ದನದ ಹಗ್ಗ ಹಿಡಿದು ಬೇವಿನ ಬುಡದಲ್ಲಿ ಕುಳಿತಿದ್ದವನನ್ನು ನಂದಾ ಎಳೆದು ತಂದಳು. ಮರುದಿನವೇ ಎಸ್‌ಟಿ ಬಸ್ಸು ಹತ್ತಿಸಿ ಸೋಲಾಪುರದ ಸರ್ಕಾರಿ ದವಾಖಾನೆಗೆ ಒಯ್ದಳು.

“ಹೇ ಬಘಾ ಬಾಯಿ, ಇಲ್ಲಿ ನೋಡ್ರಿ, ಜಡ್ಡು ಎರಡು ಅದಾವ,” ಎಂದರು ಡಾಕ್ಟರಬಾಯಿ. “ನಶಾ ಒಂದು, ಮನಸ್ಸು ಕುಸದಿದ್ದು ಒಂದು. ಎರಡಕ್ಕೂ ಕೂಡೇ ಔಷಧ ಆಗಬೇಕು. ಈ ಗುಳಿಗಿ ನಶಾದ್ದಲ್ಲ. ಗುಣ ಕಾಣಾಕ ಎರಡ್ಮೂರು ವಾರ ಹಿಡಿತೈತಿ, ನಡುವ ಬಿಡಬ್ಯಾಡ್ರಿ. ಅವರನ್ನ ಒಬ್ಬರನ್ನೇ ಬಿಡಬ್ಯಾಡ್ರಿ.”

ಅದಕ್ಕೇ ಅವನನ್ನು ಹೊಲಕ್ಕೂ ಕರೆತಂದಿದ್ದಳು. ಆದರೆ ಡಾಕ್ಟರ ಗುಳಿಗೆ ಮಾತ್ರ ಅವನ ಬಾಯಿಗೆ ಹೋಗಿರಲಿಲ್ಲ. ಕೊಟ್ಟಾಗಲೆಲ್ಲ ಅವನದು ಒಂದೇ ಮಾತು.

“ಭಂಡಾರ ಹಿಡದೀನಿ ನಂದಾ. ಹೆಂಗೂ ನಾ ಸಾಯಾಂವ. ಮಗಳಿಗರೆ ಶಾಪ ಹತ್ತೂದು ಬ್ಯಾಡ.”

ಪೂಜಾರಿಯನ್ನು ಕೇಳಿದರೆ, “ಆಣಿ ಮಾಡಿಸಿದವರು ಮಾಲಕರು, ಅವರೇ ಬಿಡಿಸಬೇಕು” ಎಂದು ಜಾರಿಕೊಂಡಿದ್ದ.

ನಂದಾ ಕಬ್ಬು ಕಡಿಯುವ ಕೊಯತಾ ಕೆಳಗಿಟ್ಟಳು. “ಮಾಲಕರ, ಡಾಕ್ಟರ ಗುಳಿಗಿಗಿ ಆಣಿ ಇಲ್ಲ ಅಂತ ಒಂದ್ ಮಾತ ಹೇಳ್ರಿ. ನಿಮ್ಮ ಕಾಲಿಗಿ ಬೀಳ್ತೀನಿ.”

“ಗುಳಿಗಿ ಅಂದ್ರ ಗುಳಿಗಿ. ಮನಸಿನ ಜಡ್ಡಂತ. ಶ್ರೀಮಂತರ ಜಡ್ಡು ನಿಮಗ್ಯಾಕ ಬೇಕ, ಬೋಳಿಮಕ್ಕಳ್ರ್ಯಾ.”

ಅಷ್ಟರಲ್ಲಿ ಚಹದ ಕಿಟ್ಲಿ ಬಂತು. ಆಳುಗಳು ಟ್ರ್ಯಾಲಿಯ ನೆರಳಿಗೆ ಕುಳಿತರು. ಮಾಲಕರು ಜೇಬಿನಿಂದ ಕೆಂಪು ಗುಳಿಗೆ ತೆಗೆದು ಅಂಗೈಯಲ್ಲಿ ಹರವಿಕೊಂಡರು. ಈ ವರ್ಷವೂ. ಮೊದಲು ಕೈ ಚಾಚಿದವನು ಗುರುಸಿದ್ಧ, ಅಮೋಗಸಿದ್ಧನ ಒಡಹುಟ್ಟಿದ ತಮ್ಮ.

ನಂದಾ ಮುಂದೆ ಬಂದಳು. ಗಂಡ ಬದುಕಲೆಂದು ಗುಡಿಯಿಂದ ತಂದು ಸೆರಗಿಗೆ ಕಟ್ಟಿಕೊಂಡಿದ್ದ ಭಂಡಾರವನ್ನು ಬಿಚ್ಚಿ ಮಾಲಕರ ಅಂಗೈಗೆ ಸುರಿದಳು. ಗುಳಿಗೆಗಳು ಅರಿಶಿನದಲ್ಲಿ ಮುಳುಗಿದವು.

“ಈಗ ಹೇಳ್ರಿ. ನನ್ನ ಗಂಡಗ ಈ ಚಟಾ ಹಚ್ಚಿದವರ ಯಾರು?”

ಭಂಡಾರ ನೆಲಕ್ಕೆ ಚೆಲ್ಲದೆ ಮಾಲಕರು ಕೈ ಕೊಡವುವಂತಿರಲಿಲ್ಲ. ಎಲ್ಲರ ಕಣ್ಣೂ ಆ ಕೈಯ ಮೇಲಿತ್ತು. “ನಿಮ್ಮವ್ವನ… ತಗಿ ಇದನ್ನ,” ಎಂದರು, ದನಿ ಸಣ್ಣದಾಗಿತ್ತು. ಗುರುಸಿದ್ಧ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಚಹ ಯಾರೂ ಮುಟ್ಟಲಿಲ್ಲ.

ಅದೇ ಅಂಗೈಯಿಂದ ಚಿಟಿಕೆ ಭಂಡಾರ ತೆಗೆದು ನಂದಾ ಗಂಡನ ಹಣೆಗೆ ಬಳಿದಳು. “ನಿನ್ನ ಆಣಿ ನಾ ಮುರದೀನಿ. ಶಾಪ ಬಂದ್ರ ನನಗ ಬರ್ಲಿ.” ಡಾಕ್ಟರಬಾಯಿ ಕೊಟ್ಟ ಬಿಳಿ ಗುಳಿಗೆಯನ್ನು ಅವನ ನಾಲಿಗೆಯ ಮೇಲಿಟ್ಟು ತಂಬಿಗೆ ಹಿಡಿದಳು.

ಅವನು ಬಾಯಿ ಮುಚ್ಚಿದ. ನೀರು ಗದ್ದದಿಂದ ಅಂಗಿಯ ಮೇಲೆ ಇಳಿಯಿತು. ಹಿಂದೆ ಮಾಲಕರು ಇನ್ನೂ ಕೈ ಚಾಚಿಯೇ ನಿಂತಿದ್ದರು. ನಂದಾ ಆ ಕಡೆ ತಿರುಗಲಿಲ್ಲ. ಗಂಡನ ಗಂಟಲನ್ನೇ ನೋಡುತ್ತ ಮಣ್ಣಿನಲ್ಲಿ ಕುಳಿತಳು.

“ನುಂಗು,” ಎಂದಳು.