ಮೇಲಿನದು ಮೊದಲು

ದೇವರು ಕೊಟ್ಟ ಬುದ್ಧಿಯಲ್ಲಿ ಒಂದು ಮಣಿಯೂ ಕಳೆದಿರಲಿಲ್ಲ. ಪೋಣಿಸಿದ ದಾರ ಮಾತ್ರ ಕಡಿದಿತ್ತು. ದರ್ಜಿಯ ಹತ್ತು ವರ್ಷದ ಮಗಳು ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ತಿಂಗಳು. ಗಾಯ ಮಾಯ್ದಿತ್ತು. ಹದಿನೇಳರ ಮಗ್ಗಿ ಕೇಳಿದರೆ ಗಡಗಡ ಒಪ್ಪಿಸುವಳು. ಶಾಲೆಗೆ ಹೊರಡು ಎಂದರೆ ಮಾತ್ರ ಒಂದು ಕಾಲುಚೀಲ ಹಿಡಿದು ಕೂತೇ ಇರುವಳು. ಸೋದರತ್ತೆ ಅದನ್ನು ಮೈಗಳ್ಳತನ ಎಂದಳು. ಆಟದ ನಡುವೆ ಮುಂದೇನೆಂದು ತೋಚದೆ ನಿಂತುಬಿಡುವವಳನ್ನು ಗೆಳತಿಯರು ಕರೆಯುವುದನ್ನೇ ಬಿಟ್ಟರು.

ಶನಿವಾರದೊಳಗೆ ಒಂದು ದಿನವಾದರೂ ತಾನಾಗಿ ಹೊರಟು ಬೆಲ್ಲಿಗೆ ಮುಂಚೆ ಬರದಿದ್ದರೆ ಕೆಳಗಿನ ತರಗತಿಗೆ ಹಾಕುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಕಳಿಸಿದ್ದರು.

ದರ್ಜಿಗೆ ಗೊತ್ತಿದ್ದ ವಿದ್ಯೆ ಒಂದೇ. ಕತ್ತರಿಸಿದ ಬಟ್ಟೆಯ ತುಂಡುಗಳನ್ನು ಹೊಲಿಯುವ ಕ್ರಮದಲ್ಲಿ ಒಂದರ ಮೇಲೊಂದಿಟ್ಟು ದಾರ ಸುತ್ತಿದರೆ, ಹೊಲಿಯುವಾಗ ಯೋಚಿಸಬೇಕಿಲ್ಲ. ಶನಿವಾರ ಬೆಳಿಗ್ಗೆ, ಸಮವಸ್ತ್ರ ತೊಟ್ಟು ಸುಮ್ಮನೆ ಕೂತಿದ್ದ ಮಗಳ ಮುಂದೆ ಬಾಚಣಿಗೆ, ಕಾಲುಚೀಲ, ಬೂಟು, ಪುಸ್ತಕದ ಚೀಲ ಸೇರಿಸಿ ಕಟ್ಟಿಟ್ಟ. ಮೇಲಿನದು ಮೊದಲು ಎಂದು ಹೇಳಿ, ದೇವರ ಮೇಲೆ ಭಾರ ಹಾಕಿ, ಎದುರಿನ ತನ್ನ ಅಂಗಡಿಗೆ ಹೋಗಿ ಕೂತ.

ಬಾಗಿಲು ತೆರೆಯಿತು. ಬೆನ್ನಿಗೆ ಚೀಲ, ಬೂಟಿನ ಮೇಲೆ ಬಿಳಿ ಕಾಲುಚೀಲ. ತಲೆ ಬಾಚಿಕೊಳ್ಳುತ್ತಲೇ ಬೀದಿಗಿಳಿದಳು.

ಆಗ ಅವನಿಗೆ ತನ್ನ ತಪ್ಪು ಹೊಳೆಯಿತು. ಕತ್ತರಿಸಿದ ಕಟ್ಟಿನಲ್ಲಿ ಮೊದಲು ಹೊಲಿಯಬೇಕಾದ ತುಂಡು ತಳದಲ್ಲಿರುತ್ತದೆ. ಹೊಲಿಗೆಗೆ ಕೂರುವ ಮುನ್ನ ಅದನ್ನು ಬೋರಲು ಹಾಕಿಕೊಳ್ಳಬೇಕು. ಇಪ್ಪತ್ತು ವರ್ಷದ ಕೈರೂಢಿ, ಇದನ್ನೂ ಹಾಗೇ ಜೋಡಿಸಿ ಬಂದಿದ್ದ. ಈಗ ಕೂಗಿ ಕರೆದರೆ ಅವಳು ತಾನಾಗಿ ಹೋದಂತಾಗುವುದಿಲ್ಲ. ತುಟಿ ಕಚ್ಚಿಕೊಂಡು ಕೂತ. ಅವಳು ತಿರುವಿನಲ್ಲಿ ಮರೆಯಾದಳು.

ಮಧ್ಯಾಹ್ನ ಒಬ್ಬಳೇ ಬಂದಳು, ಕಾಲುಚೀಲವೆಲ್ಲ ಮಣ್ಣು.

“ಎಲ್ಲರೂ ನಕ್ಕರಪ್ಪಾ,” ಎಂದಳು. “ಬೆಲ್ ಮಾತ್ರ ನಾನು ಹೋದ್ಮೇಲೇ ಹೊಡೀತು.”

ಅದೇ ತರಗತಿಯಲ್ಲಿ ಉಳಿಸಿಕೊಂಡರಂತೆ. ಬೆಂಚಿನಲ್ಲಿ ಪಕ್ಕಕ್ಕೆ ಮಾತ್ರ ಯಾರೂ ಕೂರಲಿಲ್ಲವಂತೆ.

“ತಪ್ಪು ನಂದು ಮಗಳೇ. ತಲೆಕೆಳಗಾಗಿ ಕಟ್ಟಿದ್ದೆ.”

“ಹಾಕ್ಕೊಳ್ತಿರುವಾಗ್ಲೇ ಗೊತ್ತಾಯ್ತು. ಕೈ ನಿಲ್ಲಲಿಲ್ಲ.”

ಅವನು ಕಾಲುಚೀಲ ಒಗೆದು ಒಣಗಿಸಿ, ಸಂಜೆ ಎಲ್ಲವನ್ನೂ ಅವಳ ಮುಂದೆ ಹರಡಿದ. ಸೋಮವಾರದ ಕಟ್ಟು ನೀನೇ ಕಟ್ಟು ಎಂದು ದಾರದ ಉಂಡೆ ಕೊಟ್ಟ.

ಅವಳು ಪುಸ್ತಕದ ಚೀಲವನ್ನು ತಳಕ್ಕಿಟ್ಟಳು. ಬೂಟಿನ ಮೇಲೆ ಕೈ ಇಟ್ಟವಳು ಹಾಗೇ ಉಳಿದಳು. ಸಹಾಯಕ್ಕೆ ಚಾಚಿದ ತನ್ನ ಕೈಯನ್ನು ಅವನು ತೊಡೆಯ ಕೆಳಗೆ ಸೇರಿಸಿಕೊಂಡು, ದೇವರ ಮುಂದೆ ಕೂತವನಂತೆ ಕಾದ.