ಬೇಸ್ ಎಲ್ಲಿ ಹೋಯಿತು

ಸೋಫಾದ ಕೆಳಗೊಂದು ಬಟಾಣಿ, ಯಾವ ಕಾಲದ್ದೋ, ಒಣಗಿ ಕಲ್ಲಾಗಿದೆ, ಅದರ ಪಕ್ಕ ಹೆಂಡತಿಯ ಹೊಲಿಗೆಯಿಂದ ಬಿದ್ದ ನೀಲಿ ದಾರದ ತುಣುಕು — ಮಂಡಿಯೂರಿ ನಿಂತರೆ ಮನೆಯೇ ಬೇರೆ ಥರ ಕಾಣಿಸುತ್ತದೆ, ಮನೆಯ ಕೊಳೆಯೂ. ಇಲ್ಲೂ ಇಲ್ಲ. ಇನ್ನೊಂದು ಹೆಜ್ಜೆ, ಹೆಜ್ಜೆಯೇನು ಬಂತು, ಒಂದು ಮಂಡಿ ಎಳೆದು ಇನ್ನೊಂದು ಇಡುವುದು, ಎಡಗಡೆಯದು ಕಟಕ್ಕೆಂದಿತು, ಸದ್ಯ ಯಾರೂ ನೋಡುತ್ತಿಲ್ಲ, ಅವಳು ಹೊಲಿದ ಪರದೆಗಳನ್ನು ಕೊಟ್ಟು ಬರಲು ಹೋಗಿದ್ದಾಳೆ, ಅವಳು ಬರುವಷ್ಟರಲ್ಲಿ ಈ ಮಂಗನಾಟ ಮುಗಿದಿರಬೇಕು. ಸ್ಪೀಕರ್ ಅಂಗಡಿಯವನ ಉಪದೇಶ ಇದು: ದೊಡ್ಡ ಹಾಲ್ ಅಂದ್ರೆ ಹಂಗೇ ಸರ್, ಬೇಸ್, ಆ ತಗ್ಗಿನ ದನಿ, ಒಂದ್ಕಡೆ ಗುಡ್ಡೆ ಬೀಳುತ್ತೆ, ಇನ್ನೊಂದ್ಕಡೆ ಪೂರ್ತಿ ಸತ್ತೇಹೋಗುತ್ತೆ, ಕೂತಾಗ ನಿಮ್ಮ ಕಿವಿ ಎಷ್ಟೆತ್ತರ ಇರುತ್ತೋ ಅಷ್ಟೆತ್ತರಕ್ಕೆ ಮಂಡಿಯೂರಿ ಒಂದು ಸುತ್ತು ಬನ್ನಿ, ಎಲ್ಲಿ ಸಿಗುತ್ತೋ ಅಲ್ಲಿ ಕುರ್ಚಿ ಹಾಕಿ. ತಲೆ ನರೆಯುವವರೆಗೂ ಬೇಸ್ ಗಿಟಾರ್ ನುಡಿಸಿದವನಿಗೆ ಬೇಸ್ ಹುಡುಕುವುದನ್ನು ಇವನು ಕಲಿಸುತ್ತಾನೆ, ಕಾಲ ಕೆಟ್ಟಿತು ಅಂದುಕೊಂಡು ನಕ್ಕು ಫೋನ್ ಇಟ್ಟಿದ್ದ. ಈಗ ನೋಡಿದರೆ ಇಲ್ಲಿ, ನೆಲದ ಮೇಲೆ, ಕಳೆದುಹೋದ ಗುಂಡಿ ಹುಡುಕುವವನ ಹಾಗೆ. ಬೇಸ್‌ಗೆಂದೇ ದೊಡ್ಡ ವೂಫರ್ ಸ್ಪೀಕರ್ ತಂದಾಯಿತು, ಅದನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದು ಸೊಂಟ ಹಿಡಿಸಿಕೊಂಡಿದ್ದಾಯಿತು, ಅವಳಿಂದ ಕಿಟಕಿಗಳಿಗೆಲ್ಲ ದಪ್ಪ ಪರದೆ ಹೊಲಿಸಿದ್ದೂ ಆಯಿತು, ಪರದೆಯಿಂದ ರೆಕಾರ್ಡಿಂಗ್‌ನಲ್ಲಿ ಹಾಡುವವಳ ದನಿ ಮೆತ್ತಗಾಯಿತೇ ಹೊರತು ಬೇಸ್ ಎಲ್ಲಿಂದ ಬರಬೇಕು, ಬರಲಿಲ್ಲ.

ಕುರ್ಚಿಯ ಹತ್ತಿರ ಮತ್ತೆ ಬಂದ, ಹಾಲ್‌ನ ನಟ್ಟನಡುವೆ, ರಾಜನ ಸಿಂಹಾಸನದ ಹಾಗೆ ಹಾಕಿಟ್ಟ ಕುರ್ಚಿ, ಇಲ್ಲಂತೂ ಶುದ್ಧ ಬರಗಾಲ. ಓಡುತ್ತಿರುವುದು ತಮ್ಮ ತಂಡದ್ದೇ ಹಳೆಯ ರೆಕಾರ್ಡಿಂಗ್, ಹಾಡುವವಳು ಇದ್ದಾಳೆ, ಡ್ರಮ್ಮಿನ ತಟ್ಟೆಗಳು ಚುಂಯ್ ಚುಂಯ್ ಅನ್ನುತ್ತಿವೆ, ಕೀಬೋರ್ಡಿನವನ ಅಬ್ಬರವಂತೂ ಇದ್ದೇ ಇದೆ, ಅವನೆಲ್ಲಿ ಬಿಟ್ಟಾನು, ಆದರೆ ಅಡಿಯಲ್ಲಿರುವುದು, ಎಲ್ಲರನ್ನೂ ಹೊತ್ತುಕೊಂಡು ನಡೆಯುವುದು, ತಾನು ನುಡಿಸಿದ್ದು, ಅದೊಂದೇ ಇಲ್ಲ. ತೊಡೆಯ ಮೇಲೆ ಬೆರಳು ತಾನಾಗಿ ಓಡುತ್ತಿದೆ, ಇಲ್ಲಿ ಇಳಿಯಬೇಕು, ಇಲ್ಲಿ ತುಸು ತಡೆಯಬೇಕು, ಬೆರಳಿಗೆ ಎಲ್ಲ ನೆನಪಿದೆ, ಕಿವಿಗೆ ಸಿಗುತ್ತಿಲ್ಲ. ಹಳೇ ಮನೆಯಲ್ಲಿ ಹೀಗಿರಲಿಲ್ಲ, ಬೆಂಕಿಪೊಟ್ಟಣದಂಥ ಕೋಣೆ, ಅಂಗೈಯಷ್ಟು ಸ್ಪೀಕರು, ಆದರೂ ಲೋಟಗಳು ನಡುಗುತ್ತಿದ್ದವು. ಪರದೆ ಕತ್ತರಿಸಲು ಉದ್ದ ನೆಲ ಬೇಕು ಅಂತ ಅವಳು ಈ ದೊಡ್ಡ ಹಾಲ್‌ನ ಮನೆ ಹಿಡಿದಳು, ಆದರೆ ಹಾಲ್ ಮೇಲೆ ತಪ್ಪು ಹೊರಿಸಿ ಏನು ಬಂತು, ಎದೆ ಮುಟ್ಟಿ ಹೇಳಬೇಕೆಂದರೆ ಅವನ ಅನುಮಾನ ಹಾಲ್ ಮೇಲೆ ಅಲ್ಲ, ಕಿವಿಯ ಮೇಲೆ. ಡಾಕ್ಟರ ಹತ್ತಿರ ಹೋಗಿಲ್ಲ, ಹೋದರೆ ನಿಜವಾಗಿಬಿಡುತ್ತದೆ. ಹೆದರಿಕೆ, ಹೌದು, ಹೆದರಿಕೆಯೇ. ಬೇಸ್ ನುಡಿಸುವವನು ತಪ್ಪಿದರೆ ಇಡೀ ತಂಡ ಕುಂಟುತ್ತದೆ, ಯಾರು ತಪ್ಪಿದರು ಅಂತ ಜನಕ್ಕೆ ತಿಳಿಯುವುದೂ ಇಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಸಂಜೆ ಫೋನ್ ಮಾಡ್ತೀನಿ, ಭಾನುವಾರದ ಕಾರ್ಯಕ್ರಮಕ್ಕೆ ಹೂಂ ಅನ್ನು ಇಲ್ಲ ಉಹೂಂ ಅನ್ನು, ಸತಾಯಿಸಬೇಡ ಮಾರಾಯ, ಅಂದಿದ್ದಾನೆ ಕೀಬೋರ್ಡಿನವನು. ಉಹೂಂ ಅನ್ನುವುದು ಅಂತ ನಿರ್ಧಾರವಾಗಿದೆ, ಈ ಸುತ್ತು ಬರೀ ಸಮಾಧಾನಕ್ಕೆ. ಅವಳನ್ನು ಕೇಳಿ ಪ್ರಯೋಜನವಿಲ್ಲ, ದಿನಾ ಕುರ್ಚಿಯಲ್ಲಿ ಕೂತು ತಿರುಗದೆಯೇ ಬಂತೇನೇ ಅಂತ ಕೂಗಿದರೆ ಬೆನ್ನ ಹಿಂದಿನಿಂದ, ಅಡುಗೆಮನೆ ಕಡೆಯಿಂದ, ಬರ್ತಿದೆಯಲ್ಲ ರೀ ಅನ್ನುತ್ತಾಳೆ. ಏನೂ ಬರುತ್ತಿಲ್ಲ, ಬರ್ತಿದೆಯಲ್ಲ ರೀ. ಒಲೆ ಮುಂದೆ ನಿಂತು ಕಣ್ಣೊರೆಸುವ ಮಾತು. ಮೊದಲಿನಿಂದಲೂ ಅಷ್ಟೇ, ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ಒಂದೇ ಪಾಠ, ಚೆನ್ನಾಗಿತ್ತು ರೀ.

ಕಿಟಕಿ ದಾಟಿತು, ಇಲ್ಲ, ಅವಳ ಕತ್ತರಿಸುವ ಮೇಜಿನ ಕಾಲು, ತಲೆ ತಗ್ಗಿಸು, ಮೇಜಿನಡಿಯಲ್ಲಿ ಏನೋ ಸ್ವಲ್ಪ, ಇರಬಹುದು, ಭ್ರಮೆಯೂ ಇರಬಹುದು, ಇನ್ನು ಉಳಿದಿದ್ದು ಹಿಂದಿನ ಗೋಡೆ, ಅಲ್ಲಿ ಯಾರು ಕೂರುತ್ತಾರೆ, ಆದರೂ ಹೊರಟಿದ್ದು ಹೊರಟಾಯಿತು, ಇನ್ನೊಂದು ಮಂಡಿ, ಇನ್ನೊಂದು — ಬಂತು. ಕಿವಿಗಿಂತ ಮೊದಲು ಹೊಟ್ಟೆಗೆ ಬಂತು. ಗುಮ್ಮೆಂದು ತುಂಬಿಕೊಂಡು, ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಇಳಿಯಬೇಕಾದಲ್ಲಿ ಇಳಿಯಿತು, ತಡೆಯಬೇಕಾದಲ್ಲಿ ತಡೆಯಿತು, ತೊಡೆಯ ಮೇಲಿನ ಬೆರಳೂ ಗೋಡೆಯೂ ಜೊತೆಯಾಗಿ ನಡೆದವು. ಒಂದು ಮಂಡಿ ಹಿಂದೆ ಸರಿದ, ತೆಳುವಾಯಿತು, ಮುಂದೆ ಬಂದ, ತುಂಬಿತು. ಕಿವಿ ಹೋಗಿಲ್ಲ. ಅಯ್ಯೋ ದೇವರೇ, ಕಿವಿ ಹೋಗಿಲ್ಲ. ಮಂಡಿಯಲ್ಲೇ ಕೂತು ಒಂದು ಸಲ ಅತ್ತುಬಿಡೋಣ ಅನ್ನಿಸಿತು, ಅಳುವ ಬದಲು ನಗು ಬಂತು, ಎಂಥ ಪೆದ್ದ ನಾನು, ಬೇಸ್ ಸತ್ತ ಜಾಗವನ್ನೇ ಆರಿಸಿ ಸಿಂಹಾಸನ ಹಾಕಿಕೊಂಡವನು. ಅಂದರೆ ಇಷ್ಟು ದಿನವೂ ಇಲ್ಲಿ ಬರುತ್ತಲೇ ಇತ್ತು. ಬರ್ತಿದೆಯಲ್ಲ ರೀ.

ಗೋಡೆ ಹಿಡಿದು ಎದ್ದ. ಎದ್ದಾಗ ಕಣ್ಣಿಗೆ ಬಿದ್ದದ್ದು, ಬಿಳಿ ಗೋಡೆಯ ಮೇಲೆ, ಅವನ ಭುಜಕ್ಕಿಂತ ತುಸು ಮೇಲೆ, ಅಂಗೈಯಗಲದ ಎಣ್ಣೆಯ ಗುರುತು. ತಲೆಯೆಣ್ಣೆ. ಅದರಲ್ಲಿ ಅಂಟಿಕೊಂಡ ಒಂದು ಕೂದಲು, ಅರ್ಧ ಕಪ್ಪು ಅರ್ಧ ಬಿಳಿ. ಈ ಮನೆಗೆ ಬಂದಾಗ ಹೊಸದಾಗಿ ಬಣ್ಣ ಬಳಿದ ಗೋಡೆ, ಒಂದು ದಿನ ಒರಗಿದರೆ ಇಷ್ಟು ಕಪ್ಪಾಗುವುದಿಲ್ಲ. ಒಲೆ ಮುಂದೆ ಇರಲಿಲ್ಲ ಅವಳು. ಅವನ ಬೆನ್ನ ಹಿಂದೆ, ಇಲ್ಲಿ, ತಲೆ ಒರಗಿಸಿ ನಿಂತು, ದಿನಾ — ಮತ್ತೆ ಆ ಸಭಾಂಗಣಗಳು, ಹೊಲಿಗೆ ಮುಗಿಸಿ ತಡವಾಗಿ ಬಂದು ಕುರ್ಚಿ ಸಿಗದೆ ಯಾವಾಗಲೂ ಕೊನೆಯ ಗೋಡೆಗೆ ಒರಗಿ ನಿಲ್ಲುತ್ತಿದ್ದವಳು, ವೇದಿಕೆಯಿಂದ ನೋಡಿದರೆ ಗೋಡೆಗೆ ತೂಗುಹಾಕಿದ ಬಟ್ಟೆಯ ಹಾಗೆ ಕಾಣುತ್ತಿದ್ದಳು, ಮದುವೆಯಾದ ಹೊಸದರಲ್ಲಿ ಒಂದು ಸಲ ಮನೆಗೆ ನಡೆಯುತ್ತಾ ಅಂದಳಲ್ಲ, ಎರಡನೇ ಹಾಡಲ್ಲಿ ಎಲ್ಲರೂ ಮೇಲಿನ ಸ್ವರಕ್ಕೆ ಹೋದಾಗ ನೀವೊಬ್ರೇ ಕೆಳಗಿಳಿದ್ರಿ ನೋಡಿ, ಅಲ್ಲಿ ನಂಗೆ ಮೈ ಜುಮ್ಮೆಂತು. ಅವನು ಏನಂದ. ನಿಂಗೇನು ಕೇಳಿಸುತ್ತೆ, ಸುಮ್ನೆ ನನ್ನ ಖುಷಿಗೆ ಹೇಳ್ಬೇಡ, ಅಂದ. ಮುಂದಿನ ಸಾಲಿನಲ್ಲಿ ಕೂತವರಿಗೇ ಕೇಳಿಸದ್ದು ಅಷ್ಟು ಹಿಂದೆ ನಿಂತವಳಿಗೆ ಹೇಗೆ ಕೇಳೀತು ಅಂತ. ಎರಡನೇ ಹಾಡು, ಹೌದು, ಇಳಿದಿದ್ದ. ತಂಡದವರೇ ಯಾರೂ ಗಮನಿಸಿರಲಿಲ್ಲ. ಆಮೇಲೆ ಅವಳು ಯಾವ ಹಾಡಿನ ಸುದ್ದಿಯನ್ನೂ ಎತ್ತಲಿಲ್ಲ, ಚೆನ್ನಾಗಿತ್ತು ರೀ, ಅಷ್ಟೇ, ನೆಟ್ಟಗೆ ಕೇಳಿಸಿಕೊಂಡು, ಪೂರ್ತಿ ಕೇಳಿಸಿಕೊಂಡು, ಅಷ್ಟೇ.

ಫೋನ್. ಕೀಬೋರ್ಡಿನವನು, ಏನಪ್ಪಾ, ಹೂಂನೋ ಉಹೂಂನೋ. ಬರ್ತೀನಿ ಅಂದ, ಮತ್ತೊಂದು ಸಲ ಬರ್ತೀನಿ ಅಂದ, ಆಮೇಲೆ, ಹಿಂದಿನ ಗೋಡೆಗೆ ಕುರ್ಚಿ ಜೋಡಿಸ್ಬೇಡ ಕಣೋ, ಅಲ್ಲಿ ನನ್ನವಳು ನಿಂತ್ಕೋಬೇಕು. ಯಾಕೆ, ಮುಂದಿನ ಸಾಲಲ್ಲೇ ಕೂರಿಸೋಣ, ಅಂದ ಅವನು. ಬೇಡ. ಫೋನ್ ಇಟ್ಟ. ಅವಳು ಬರುತ್ತಾಳೆ, ಬಂದಾಗ ಏನು ಹೇಳುವುದು, ಕೇಳಿಸಿತು ಕಣೇ ಅನ್ನುವುದೇ, ಅಥವಾ ಆ ಎರಡನೇ ಹಾಡನ್ನೇ ಕೇಳುವುದೇ, ನೆನಪಿದೆಯಾ ಅಂತ, ಅಥವಾ — ಮಂಡಿ ಬಗ್ಗಿಸಿ ತಲೆಯನ್ನು ಅಲ್ಲಿಗೆ ಇಳಿಸಿದ, ಅವಳ ಎತ್ತರಕ್ಕೆ, ಕಿವಿ ಆ ಗುರುತಿಗೆ ತಾಗಿತು, ಗೋಡೆಯೊಳಗಿನಿಂದ ತಾನೇ ಇಳಿದಿಳಿದು ಬರುತ್ತಿದ್ದಾನೆ, ಕೆನ್ನೆಗೆ ಜಿಡ್ಡು, ಎಣ್ಣೆಯ ವಾಸನೆ, ಎಷ್ಟು ಸಲ ನಿಂತಿರಬೇಕು, ಎಷ್ಟು ಸಲ, ಬಿಳಿ ಗೋಡೆಯ ಮೇಲೆ, ಅಂಗೈಯಗಲ, ಎಣ್ಣೆ