ಸಾವಂತ್ರಕ್ಕ ಬರೆದ ಮುಖ

ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಲಾಲಬಿಯ ಕಾಲು ಹೊಸ್ತಿಲಲ್ಲೇ ನಿಂತಿತು. ಚಿಕ್ಕಂದಿನಲ್ಲಿ ಅಜ್ಜನ ಕೈ ಹಿಡಿದು ಬಂಕಾಪುರದ ಗಾಣದ ಓಣಿ ದಾಟುವಾಗ ಬರುತ್ತಿದ್ದ ವಾಸನೆ ಅದು. ಆಮೇಲೆ ಸಾವಂತ್ರಕ್ಕನ ಬಣ್ಣದ ಡಬ್ಬಿಗಳಿಂದಲೂ ಅದೇ ಬರುತ್ತಿತ್ತು.

ತೀರಿಹೋದ ಸಾವಂತ್ರಕ್ಕನನ್ನು ಈಗ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂಮಾಲೆ. ಸವಣೂರಿನ ಹೆಣ್ಣುಮಕ್ಕಳಿಗೆ ಚಿತ್ರ ಕಲಿಸಿದ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಪಕ್ಕದಲ್ಲೇ ಅವಳ ತಮ್ಮ ಕರಬಸಪ್ಪ ಸ್ಟೂಲಿನ ಮೇಲೆ ನಿಂತು, ಅಕ್ಕ ಬರೆದ ಚಿತ್ರಗಳನ್ನು ಒಂದೊಂದಾಗಿ ಗೋಡೆಗೆ ಮುಖ ಮಾಡಿ ತಿರುವಿಹಾಕುತ್ತಿದ್ದ.

“ಯಾಕ ತಿರುವಾಕತ್ತೀರಿ?” ಎಂದಳು ಲಾಲಬಿ.

“ಬೀಗರು ಬರ್ತಾರ. ಬಂಗಾಳಿ ಕಾದಂಬರಿ ಓದಿ ಓದಿ, ಬರೇ ಗಂಡನ್ನ ಬಿಟ್ಟುಹೋದ ಹೆಂಗಸರ ಚಿತ್ರ ಬರದಿಟ್ಟಾಳ. ಸತ್ತ ಮನ್ಯಾಗ ಮಂದಿ ಇದನ್ನ ನೋಡ್ಬೇಕೇನು? ನಾಳೆ ಎಲ್ಲಾ ಒಲಿಗೆ ಹಾಕ್ತೇನಿ.”

“ಆಕಿ ಜೀವಮಾನದ ಕೆಲಸರಿ ಅದು.”

“ನೀ ಎಲಿ ಮಾರಾಕಿ. ನಿನ್ನ ಬುಟ್ಟಿ ನೀ ನೋಡ್ಕೊ.”

ಅಷ್ಟರಲ್ಲಿ ಕರಬಸಪ್ಪನ ಸೋದರತ್ತೆ, ಹಿರೇಬೆಂಡಿಗೇರಿಯ ಹೊನ್ನವ್ವ ಹೆಂಗಸರೊಂದಿಗೆ ಒಳಗೆ ಬಂದಳು. ಶವದ ಪಾದ ಮುಟ್ಟಿ ಎದ್ದವಳ ಕಣ್ಣು, ಇನ್ನೂ ತಿರುವದೇ ಉಳಿದಿದ್ದ ಒಂದೇ ಚಿತ್ರದ ಮೇಲೆ ನಿಂತಿತು. ಕಾವಿ ಉಟ್ಟ ಹೆಂಗಸು. ಬರಿಗೈ ಮುಂದೆ ಚಾಚಿದ್ದಳು.

“ಯಾವ ತಾಯಿ ಇಕಿ? ಏನ್ ಕಣ್ಣವ್ವ,” ಎಂದು ಹೊನ್ನವ್ವ ಚಿತ್ರದ ಹಣೆಗೂ ವಿಭೂತಿ ಹಚ್ಚಿದಳು. ಹಿಂದೆ ನಿಂತವರು ಹೂ ಏರಿಸಿ ಕೈ ಮುಗಿದರು.

ಕರಬಸಪ್ಪನ ಮುಖ ಗೆಲುವಾಯಿತು. “ದೇವಿ, ಅತ್ತಿ. ಇದೊಂದನ್ನ ಮಠಕ್ಕ ಕೊಡ್ತೇನಿ.”

* * *

ಅದು ಈ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಲಾಲಬಿಯ ಕೂಸು ಜ್ವರದಲ್ಲಿ ಹೋಗಿತ್ತು. ವೀಳ್ಯದೆಲೆ ಕೊಡಲು ಬಂದವಳನ್ನು ಕೂರಿಸಿ, ಸಾವಂತ್ರಕ್ಕ ಬುದ್ಧನ ಕಾಲದ ಕತೆ ಓದಿ ಹೇಳಿದ್ದಳು: ಮಕ್ಕಳನ್ನೆಲ್ಲ ಕಳೆದುಕೊಂಡು ಬೀದಿ ಬೀದಿ ಅಲೆದ ತಾಯಿಯೊಬ್ಬಳು ಭಿಕ್ಷುಣಿಯಾಗಿ, ತನ್ನ ದುಃಖವನ್ನು ತಾನೇ ಹಾಡಿದ ಕತೆ.

“ಆಕಿ ನೋಡಾಕ ಹೆಂಗಿದ್ಲಕ್ಕ?”

“ನಿನ್ನಂಗ ಇದ್ದಿರ್ಬೇಕು. ಕೂಡು, ಬರೀತೇನಿ.”

ಬರೆಯುವಾಗ ಲಾಲಬಿಯ ಕಣ್ಣು ತುಂಬಿದರೆ, ಸಾವಂತ್ರಕ್ಕ ಬ್ರಶ್ ಇಟ್ಟು, ನೀರು ಕೊಟ್ಟು, ಕಿಟಕಿಯ ಕಡೆ ತಿರುಗಿ ಕೂಡುತ್ತಿದ್ದಳು. ಅಳು ಮುಗಿಯುವವರೆಗೂ ಈ ಕಡೆ ನೋಡುತ್ತಿರಲಿಲ್ಲ.

“ಮನ್ಯಾಗ ಹೇಳಬ್ಯಾಡಕ್ಕ. ಚಿತ್ರಕ್ಕ ಕುಂತಿದ್ದೆ ಅಂದ್ರ ನಮ್ಮನಿಯವ್ರು ಸುಮ್ನಿರಂಗಿಲ್ಲ.”

“ಹೇಳಂಗಿಲ್ಲ. ಧಾರವಾಡದಾಗ ಒಬ್ರು, ‘ಇನ್ನೆರಡು ಕೈ ಬರೀರಿ, ದೇವಿ ಅಂತ ಕೊಳ್ತೇವಿ’ ಅಂದ್ರು. ನಾ ದೇವಿ ಬರ್ಯಂಗಿಲ್ಲ ಲಾಲಬಿ. ನಾಕು ಕೈ ಇದ್ರ ನಮಸ್ಕಾರ ಮಾಡ್ತಾರ. ಎರಡ ಕೈ ಇದ್ದಾಕಿ ಮಾತು ಯಾರೂ ಕೇಳಂಗಿಲ್ಲ.”

* * *

ಈಗ ಲಾಲಬಿ ಸುಮ್ಮನಿದ್ದರೆ ಆ ಚಿತ್ರವಾದರೂ ಉಳಿಯುತ್ತಿತ್ತು. ಬಾಗಿಲಲ್ಲಿ ಓಣಿಯ ಗಂಡಸರೊಂದಿಗೆ ನಿಂತಿದ್ದ ಅವಳ ಗಂಡ ಫಕ್ರುಸಾಬನಿಗೂ ಏನೂ ತಿಳಿಯುತ್ತಿರಲಿಲ್ಲ.

“ಅದು ದೇವಿ ಅಲ್ರಿ,” ಎಂದಳು ಲಾಲಬಿ. “ನಾನ ಅದು. ನನ್ನ ಕೂಸು ಸತ್ತಾಗ ಬರದದ್ದು. ಅಕ್ಕನ ಮುಂದ ನಿಂತು ಅಕ್ಕನ ಮ್ಯಾಲ ಸುಳ್ಳು ಹೇಳಬ್ಯಾಡ್ರಿ.”

ಕರಬಸಪ್ಪ ಚಿತ್ರಕ್ಕೆ ಕೈ ಹಾಕಿದ.

“ತಿರುವ್ರಿ. ಸುಡ್ರಿ ಬೇಕಾದ್ರ,” ಎಂದ ಲಾಲಬಿ ತನ್ನ ಮುಖ ಮುಟ್ಟಿ ತೋರಿಸಿದಳು. “ಈ ಮುಖ ನಾಳೆ ಸಂತ್ಯಾಗ ಎಲಿ ಮಾರ್ತೈತಿ. ಇದನ್ನೇನ್ ಮಾಡ್ತೀರಿ?”

ಹೊನ್ನವ್ವ ಚಿತ್ರವನ್ನೂ ಲಾಲಬಿಯನ್ನೂ ಮತ್ತೆ ಮತ್ತೆ ನೋಡಿದಳು. ಹಚ್ಚಿದ ವಿಭೂತಿಯನ್ನು ಒರೆಸಲಿಲ್ಲ.

“ಕರಬಸ್ಯಾ, ಕೆಳಗಿಳಿ. ನಿಮ್ಮಕ್ಕನ್ನ ಹೊರಾಕ ಮಂದಿ ಕಾಯಾಕತ್ತಾರ.”

ಕರಬಸಪ್ಪ ಇಳಿದ. ಲಾಲಬಿ ಬಾಗಿಲ ಕಡೆ ನೋಡಿದಳು. ಫಕ್ರುಸಾಬ ಇರಲಿಲ್ಲ.

ಮಣ್ಣು ಮಾಡಿ ಎಲ್ಲರೂ ಬಂದು ಹೋದರು. ಲಾಲಬಿ ಮಾತ್ರ ಮನೆಗೆ ಹೋಗಲಿಲ್ಲ. ತಿರುವಿದ್ದ ಚಿತ್ರಗಳನ್ನೆಲ್ಲ ಮತ್ತೆ ನೆಟ್ಟಗೆ ಮಾಡಿ, ಅವುಗಳ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತಳು.

“ಎಷ್ಟೊತ್ತು ಕೂಡ್ತಿ?” ಎಂದ ಕರಬಸಪ್ಪ.

“ನೀವು ಸುಡೂದು ಬಿಡೂತನಕ.”

ಸಂಜೆಗೆ ಹೊಸ್ತಿಲ ಹೊರಗೆ ಚಪ್ಪಲಿಯ ಸದ್ದಾಯಿತು. ಫಕ್ರುಸಾಬ ಒಳಗೆ ಬಂದು, ಕಾವಿ ಉಟ್ಟವಳ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಕೆಳಗೆ ಕೂತು, ಹೆಗಲ ವಸ್ತ್ರದ ಗಂಟು ಬಿಚ್ಚಿ, ಎರಡು ರೊಟ್ಟಿಯ ನಡುವೆ ಬದನೆಕಾಯಿ ಪಲ್ಯ ಇಟ್ಟು, ಲಾಲಬಿಯ ಕೈಗೆ ಕೊಟ್ಟ.